ಹೆಸರು ಹಳೇದು, ಕಾರು ಹೊಸದು

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ನಮ್ಮ ಮನೆಗೆ ಇದು ಮೊದಲ ಹೊಸ ಕಾರು. ಆನ್-ರೋಡ್ 11 ಲಕ್ಷದ ಒಳಗೆ ಆಗಬೇಕು. ಶಾಲೆಗೆ ಹೋಗಿ ಬರಲು ದಿನಕ್ಕೆ 7 ಕಿ.ಮೀ., ತಿಂಗಳಿಗೆ ಎರಡು ಸಲ ಹುಬ್ಬಳ್ಳಿ, ವರ್ಷಕ್ಕೊಮ್ಮೆ ಗೋಕರ್ಣ. ಇಷ್ಟೇ ಓಡಾಟ. ಆದರೆ ಮನೆಯಲ್ಲಿ ದಿನಾ ಜಗಳ. ಮಾರುತಿ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ ಮಾವ. ಅದು ತಗಡಿನ ಡಬ್ಬಿ, ಟಾಟಾ ತಗೋ ಅಂತಾನೆ ನನ್ನ ತಮ್ಮ. ಟೊಯೋಟಾ ಲೋಗೋ ಇದ್ದರೆ ಕಣ್ಣು ಮುಚ್ಚಿ ತಗೋಬಹುದು ಅನ್ನುವುದು ನಮ್ಮ ಯಜಮಾನರ ಮಾತು. ಮಗನಿಗೆ ಸ್ಕೋಡಾ ಹುಚ್ಚು. ಈ ಕಂಪನಿಗಳಿಗೆ ಇರುವ ಹೆಸರಿಗೆ ತಕ್ಕ ಗುಣಮಟ್ಟ ನಿಜವಾಗಿಯೂ ಇದೆಯಾ? ಇಲ್ಲಾ ಎಲ್ಲಾ ಸುಮ್ನೆ ಮಾತಾ?

ಉತ್ತರ: ಅಕ್ಕೋರೇ, ನಿಮ್ಮ ಮನೆಯ ನಾಲ್ಕೂ ಜನ ಹೇಳುವುದರಲ್ಲಿ ಸತ್ಯ ಇದೆ. ತೊಂದರೆ ಏನಂದರೆ, ನಾಲ್ವರೂ ಬೇರೆ ಬೇರೆ ಕಾಲದ ಕಾರಿನ ಬಗ್ಗೆ ಮಾತಾಡುತ್ತಿದ್ದಾರೆ. ನಿಮ್ಮ ಮಾವನ ಮನಸ್ಸಿನಲ್ಲಿ ಇರುವುದು ಮಾರುತಿ 800. ಯಜಮಾನರ ಮನಸ್ಸಿನಲ್ಲಿ ಇರುವುದು ಕ್ವಾಲಿಸ್ ಮತ್ತು ಹಳೇ ಇನ್ನೋವಾ. ನಿಮ್ಮ ತಮ್ಮ 2018ರಿಂದ ಈಚೆಗಿನ ಟಾಟಾ ನೋಡಿದ್ದಾನೆ. ಮಗ ಇನ್ನೂ ಸರ್ವಿಸ್ ಬಿಲ್ ಕಟ್ಟಿಲ್ಲ.

ನಾನು 24 ವರ್ಷ ಮೂರು ಕಂಪನಿಗಳ ಸರ್ವಿಸ್ ಸೆಂಟರ್‌ಗಳಲ್ಲಿ ಇದ್ದವನು. ಮೊದಲು ಲಿಫ್ಟ್ ಕೆಳಗೆ, ಆಮೇಲೆ ಟೇಬಲ್ ಹಿಂದೆ. ಈಗ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಕೂತು, ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರಿಗೆ ಗಾಡಿ ನೋಡಿ ಹೇಳುತ್ತೇನೆ. ಐದು, ಎಂಟು, ಹತ್ತು ವರ್ಷ ಓಡಿದ ಕಾರು ದಿನಾ ಕೈಗೆ ಸಿಗುತ್ತವೆ. ಕಂಪನಿಯ ಹೆಸರು ಎಷ್ಟು ನಿಜ ಅನ್ನೋದು ಅಲ್ಲಿ ಗೊತ್ತಾಗುತ್ತದೆ, ಶೋರೂಮಿನ ಎಸಿಯಲ್ಲಿ ಅಲ್ಲ.

ಹೆಸರು ಹೇಗೆ ಹುಟ್ಟುತ್ತದೆ ನೋಡಿ. ಒಬ್ಬರು ಕಾರು ತಗೊಳ್ಳುತ್ತಾರೆ. ಮೊದಲ ಎರಡು ವರ್ಷ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ, ವಾರಂಟಿ ಬೇರೆ ಇರುತ್ತದೆ. ನಾಲ್ಕನೇ, ಐದನೇ ವರ್ಷಕ್ಕೆ ನಿಜ ಬಣ್ಣ ಕಾಣುತ್ತದೆ. ಆಗ ಅವರು ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಹೇಳುತ್ತಾರೆ. ಆ ಮಾತು ಊರೆಲ್ಲಾ ಸುತ್ತಿ ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಇನ್ನೂ ಎರಡು ಮೂರು ವರ್ಷ. ಅಷ್ಟೊತ್ತಿಗೆ ಆ ಕಾರು ಶೋರೂಮಿನಲ್ಲಿ ಇರುವುದೇ ಇಲ್ಲ. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ಬಾಡಿ ಬೇರೆ. ಲೋಗೋ ಮಾತ್ರ ಅದೇ.

ಮಾವನ ಮಾತಿನಿಂದಲೇ ಶುರು ಮಾಡೋಣ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ರಸ್ತೆಯಲ್ಲಿ ಕಾಣುತ್ತಿದ್ದದ್ದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಅರಬೈಲ್ ಘಟ್ಟ ಹತ್ತುವಾಗ ಬಾನೆಟ್ ಎತ್ತಿ, ಕೊಡದಲ್ಲಿ ನೀರು ತಂದು ಸುರಿಯುವುದು ಪ್ರಯಾಣದ ಒಂದು ಭಾಗವೇ ಆಗಿತ್ತು. ಅಂಥ ಕಾಲದಲ್ಲಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ, ಘಟ್ಟದಲ್ಲಿ ಕುದಿಯದ ಕಾರು ಬಂದರೆ ಜನ ಅದನ್ನು ದೇವರು ಅನ್ನದೆ ಇರುತ್ತಾರಾ? ಆಮೇಲೆ ಪಾರ್ಟ್ಸ್ ಊರೂರಿಗೆ ಸಿಕ್ಕವು. ಲಕ್ಷ್ಮೇಶ್ವರದ ಮಿಸ್ತ್ರಿಗೂ ಅದರ ಕಾರ್ಬೊರೇಟರ್ ಬಿಚ್ಚಲು ಬರುತ್ತಿತ್ತು. ನಿಮ್ಮ ಮಾವ "ಮಾರುತಿ ಗಟ್ಟಿ" ಅಂದರೆ ಅದರ ಅರ್ಥ "ಮಾರುತಿ ದಾರಿಯಲ್ಲಿ ಕೈಬಿಡಲ್ಲ, ಕೈಬಿಟ್ಟರೂ ಕಡಿಮೆ ದುಡ್ಡಿನಲ್ಲಿ ಎದ್ದು ಕೂರುತ್ತದೆ" ಅಂತ. ಈ ಅರ್ಥದಲ್ಲಿ ಅವರ ಮಾತು ಇವತ್ತಿಗೂ ಮುಕ್ಕಾಲು ಪಾಲು ನಿಜ.

ನಿಮ್ಮ ತಮ್ಮ ಗಟ್ಟಿ ಅನ್ನುವ ಪದವನ್ನೇ ಬೇರೆ ಅರ್ಥದಲ್ಲಿ ಬಳಸುತ್ತಾನೆ. ಡಿಕ್ಕಿ ಆದರೆ ಒಳಗಿರುವವರು ಉಳಿಯಬೇಕು ಅನ್ನುವ ಅರ್ಥ. ಒಂದು ಪದ, ಎರಡು ಪ್ರಶ್ನೆ. ಅರ್ಧ ಜಗಳ ಅಲ್ಲೇ ಇದೆ.

ಈಗ ಯಜಮಾನರ ವಿಷಯ. ಇದು ಸ್ವಲ್ಪ ಮಜಾ ಇದೆ. ನಿಮ್ಮ ಬಜೆಟ್‌ನಲ್ಲಿ ಅವರು ಹೇಳುವ ಟೊಯೋಟಾ ಸಿಗುವುದೇ ಇಲ್ಲ. ಸಿಗುವುದು ಮಾವ ಹೇಳುವ ಮಾರುತಿಯೇ! ಟೊಯೋಟಾ ಮತ್ತು ಸುಜುಕಿ ಒಪ್ಪಂದ ಮಾಡಿಕೊಂಡು 2019ರಲ್ಲಿ ಬಲೆನೊ ಕಾರನ್ನೇ ಗ್ಲಾನ್ಜಾ ಅಂತ ತಂದರು. ಮಾರುತಿ ಫ್ರಾಂಕ್ಸ್‌ಗೆ ಟೊಯೋಟಾ ಲೋಗೋ ಹಾಕಿದರೆ ಟೈಸರ್. ಎರ್ಟಿಗಾಗೆ ಹಾಕಿದರೆ ರೂಮಿಯನ್. ಉಲ್ಟಾ ಕೂಡ ಇದೆ. ಇನ್ನೋವಾ ಹೈಕ್ರಾಸ್‌ಗೆ ಮಾರುತಿ ಲೋಗೋ ಹಾಕಿದ್ದೇ ಇನ್ವಿಕ್ಟೊ. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ ಬಂದಾಗ ಅದು ತಯಾರಾಗಿದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ.

ಒಂದು ದಿನ ನನ್ನ ಹತ್ತಿರ ಗ್ಲಾನ್ಜಾ ಒಂದು, ಬಲೆನೊ ಒಂದು, ಪಕ್ಕ ಪಕ್ಕದ ಲಿಫ್ಟ್ ಮೇಲೆ ಇದ್ದವು. ಗ್ಲಾನ್ಜಾ ತಗೊಳ್ಳಲು ಬಂದವರು ರಾಣೆಬೆನ್ನೂರಿನ ಬೀಜದ ವ್ಯಾಪಾರಿ. ಬಲೆನೊ ಬೇಡವೇ ಬೇಡ ಅಂದಿದ್ದರು. "ಅದು ಹಗುರ ಅದರಿ, ಟೊಯೋಟಾದ ಗಟ್ಟಿತನ ಬ್ಯಾರೇನ" ಅಂದರು. ನಾನು ಏನೂ ಹೇಳಲಿಲ್ಲ. ಕೈ ಹಿಡಿದು ಲಿಫ್ಟ್ ಕೆಳಗೆ ಕರೆದುಕೊಂಡು ಹೋಗಿ ಟಾರ್ಚ್ ಕೊಟ್ಟೆ. ಅದೇ ಸೈಲೆನ್ಸರ್, ಅದೇ ಲೋವರ್ ಆರ್ಮ್, ಅದೇ ಹಿಂದಿನ ಬೀಮ್, ಅದೇ ಜಾಗದಲ್ಲಿ ಅದೇ ಕ್ಲಿಪ್. ಐದು ನಿಮಿಷ ತಲೆ ಎತ್ತಿ ಆ ಕಡೆ ಈ ಕಡೆ ನೋಡಿದರು. ಆಮೇಲೆ "ಹಂಗಾದ್ರ ರೊಕ್ಕಾ ಯಾತಕ್ಕ ಜಾಸ್ತಿ?" ಅಂದರು. ಒಳ್ಳೇ ಪ್ರಶ್ನೆ. ಅದಕ್ಕೊಂದು ನ್ಯಾಯವಾದ ಉತ್ತರವೂ ಇತ್ತು. ಗ್ಲಾನ್ಜಾ ಬಂದಾಗ ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಕೊಟ್ಟಿತು. ಆಗ ಮಾರುತಿಯದ್ದು 2 ವರ್ಷ ಅಥವಾ 40,000 ಕಿ.ಮೀ. ಕಬ್ಬಿಣ ಒಂದೇ, ಕಾಗದ ಬೇರೆ. ಮಾರುತಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನೂ 3 ವರ್ಷ, 1 ಲಕ್ಷಕ್ಕೆ ಏರಿಸಿತು. ಹಾಗಾಗಿ ಆ ವ್ಯತ್ಯಾಸವೂ ಹೋಯಿತು.

ಇಂಥದ್ದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ಒಂದು ಕಾರ್ಖಾನೆ ನಡೆಸುತ್ತಿದ್ದವು. ಒಂದೇ ಲೈನಿನಲ್ಲಿ, ಅದೇ ಕೆಲಸಗಾರರ ಕೈಯಲ್ಲಿ ಟೊಯೋಟಾದ ಕೊರೊಲ್ಲಾ ಮತ್ತು ಜನರಲ್ ಮೋಟಾರ್ಸ್ ಮಾರುತ್ತಿದ್ದ ಜಿಯೊ ಪ್ರಿಜ್ಮ್ ಅನ್ನುವ ಅದರ ಜೋಡಿ ಕಾರು ಹುಟ್ಟುತ್ತಿದ್ದವು. ಕೊರೊಲ್ಲಾಕ್ಕೆ ಬೆಲೆ ಜಾಸ್ತಿ, ಗಿರಾಕಿಯೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಬೆಲೆಯೂ ಜಾಸ್ತಿ.

ಹುಬ್ಬಳ್ಳಿಯಲ್ಲಿ ನಾನು ಕಣ್ಣಾರೆ ಕಂಡ ಇನ್ನೊಂದು ಉದಾಹರಣೆ 1.3 ಲೀಟರ್ ಮಲ್ಟಿಜೆಟ್ ಡೀಸೆಲ್. ಇದು ಫಿಯೆಟ್ ಕಂಪನಿಯ ಎಂಜಿನ್. ಮಾರುತಿ ಸ್ವಿಫ್ಟ್‌ನಲ್ಲಿ ಡಿಡಿಐಎಸ್, ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್, ಫಿಯೆಟ್ ಪುಂಟೊದಲ್ಲಿ ಮಲ್ಟಿಜೆಟ್. ಹೆಸರು ಮೂರು, ಎಂಜಿನ್ ಒಂದೇ. ಸ್ವಿಫ್ಟ್ ಡೀಸೆಲ್‌ಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಪುಂಟೊ ಮಾರಲು ಹೋದವರಿಗೆ ಬೆಲೆ ಕೇಳುವವರೇ ಇರಲಿಲ್ಲ. ನಿಜ ಹೇಳಬೇಕಂದರೆ ಪುಂಟೊದ ಬಾಡಿ, ಸಸ್ಪೆನ್ಶನ್ ಭಾಳ ಚೆಂದ ಇತ್ತು. ಆದರೆ ಸಣ್ಣ ಊರಲ್ಲಿ ಪಾರ್ಟ್ಸ್ ಬೇಕಾದಾಗ ಸಿಗುತ್ತಿರಲಿಲ್ಲ. ಗಿರಾಕಿಗೆ ಎಂಜಿನ್ ಕೆಟ್ಟಿದೆಯೋ, ಸರ್ವಿಸ್ ಕೆಟ್ಟಿದೆಯೋ ಅನ್ನುವ ಫರಕು ಬೇಕಿಲ್ಲ. ಗಾಡಿ ಹತ್ತು ದಿನ ಮನೆ ಮುಂದೆ ನಿಂತಿದ್ದು ಮಾತ್ರ ನೆನಪಿರುತ್ತದೆ.

ಈಗ ತಗಡಿನ ಮಾತು. ಕಾರು ನೋಡಲು ಬಂದವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಬಾಗಿಲಿಗೆ ಬೆರಳಿಂದ ಟಕ್ ಟಕ್ ಅಂತ ಬಡಿಯುವುದು, ಕಲ್ಲಂಗಡಿ ಆರಿಸಿದ ಹಾಗೆ. ಸದ್ದು ಗಟ್ಟಿ ಬಂದರೆ ಕಾರು ಗಟ್ಟಿ! ಅಕ್ಕೋರೇ, ಆ ಹೊರಗಿನ ತಗಡು ಬರೀ ಚರ್ಮ. ಅಪಘಾತದಲ್ಲಿ ಕಾಯುವುದು ಒಳಗಿನ ಎಲುಬು. ಮುಂದಿನ ಗಾಜಿನ ಎರಡೂ ಪಕ್ಕದ ಕಂಬ, ಬಾಗಿಲಿನೊಳಗಿನ ಅಡ್ಡ ಪಟ್ಟಿ, ಕಾಲಿನ ಹತ್ತಿರದ ನೆಲ. ಅಲ್ಲಿ ಹಾಕಿರುವುದು ಎಂಥ ಉಕ್ಕು, ಬೆಸುಗೆ ಎಷ್ಟು ಹತ್ತಿರ ಹತ್ತಿರ ಇದೆ ಅನ್ನುವುದರ ಮೇಲೆ ನಿಂತಿದೆ ಜೀವ. ಬೆರಳಿಗೆ ಅದು ಗೊತ್ತಾಗಲ್ಲ. ಗೊತ್ತಾಗಬೇಕಂದರೆ ಗುದ್ದಿಯೇ ನೋಡಬೇಕು.

ಗುದ್ದಿ ನೋಡಿದವರು ಗ್ಲೋಬಲ್ ಎನ್‌ಕ್ಯಾಪ್, ಕಾರಿನ ಸುರಕ್ಷತೆ ಪರೀಕ್ಷಿಸಿ ಸೊನ್ನೆಯಿಂದ 5ರತನಕ ಸ್ಟಾರ್ ಕೊಡುವ ಸಂಸ್ಥೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮುಂಭಾಗದ ಒಂದು ಪಕ್ಕಕ್ಕೆ. 2014ರ ಜನವರಿಯಲ್ಲಿ ನಮ್ಮ ದೇಶದ ಐದು ಕಾರುಗಳ ಫಲಿತಾಂಶ ಬಂತು. ಆಲ್ಟೊ 800, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೊಲೊ, ಟಾಟಾ ನ್ಯಾನೊ. ಐದಕ್ಕೂ ಸೊನ್ನೆ! ಜರ್ಮನ್ ಹೆಸರಿಗೂ ಸೊನ್ನೆ, ಟಾಟಾ ಹೆಸರಿಗೂ ಸೊನ್ನೆ. ಆದರೆ ಎರಡು ಏರ್‌ಬ್ಯಾಗ್ ಹಾಕಿದ ಪೊಲೊ ಅದೇ ಪರೀಕ್ಷೆಯಲ್ಲಿ 4 ಸ್ಟಾರ್ ತಗೊಂಡಿತು. ಅಂದರೆ ಅದರ ಎಲುಬು ಗಟ್ಟಿ ಇತ್ತು, ದಿಂಬು ಇರಲಿಲ್ಲ ಅಷ್ಟೇ. ಆಲ್ಟೊದಲ್ಲಿ ಎಲುಬೇ ತಡೆಯಲಿಲ್ಲ. ಸೊನ್ನೆ ಸೊನ್ನೆಗೂ ಫರಕು ಇದೆ ನೋಡಿ.

ಅದೇ ಟಾಟಾ ಐದು ವರ್ಷ ತುಂಬುವ ಮೊದಲೇ, 2018ರ ಡಿಸೆಂಬರಿನಲ್ಲಿ, ನೆಕ್ಸಾನ್‌ಗೆ 5 ಸ್ಟಾರ್ ತಂದಿತು. ನಮ್ಮ ದೇಶದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರಿಗೆ ಅದು ಮೊದಲ 5. ನಿಮ್ಮ ತಮ್ಮನ ಅಭಿಮಾನ ಅಲ್ಲಿಂದ ಶುರು. ಈಗ ಇನ್ನೊಂದು ಕಡೆ ನೋಡಿ. 2022ರಲ್ಲಿ ಸ್ವಿಫ್ಟ್‌ಗೆ ಸಿಕ್ಕಿದ್ದು 1 ಸ್ಟಾರ್. 2024ರ ನವೆಂಬರಿನಲ್ಲಿ ಹೊಸ ಡಿಸೈರ್‌ಗೆ 5. ಎರಡೂ ಮಾರುತಿ. ನಡುವೆ ಎರಡು ವರ್ಷ. ತಗಡಿನ ಡಬ್ಬಿ ಅನ್ನುವ ಮಾತು ನಮ್ಮ ಕಟ್ಟೆಯ ಮೇಲೆ ಇನ್ನೂ ಹತ್ತು ವರ್ಷ ಓಡುತ್ತದೆ, ಆ ಡಿಸೈರ್ ಮುಂದೆ ನಿಂತಿದ್ದರೂ. ಈಗ 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಕಂಪನಿ ಹೆಸರಿಗೆ ಸ್ಟಾರ್ ಕೊಡಲ್ಲ ಅವರು. ಮಾಡೆಲ್‌ಗೆ ಕೊಡುತ್ತಾರೆ.

ಹಾಗಾದರೆ ಟೊಯೋಟಾ ಹೆಸರು ಸುಳ್ಳಾ? ಅಲ್ಲ. ಇನ್ನೋವಾ, ಫಾರ್ಚುನರ್ ವಿಷಯದಲ್ಲಿ ಆ ಹೆಸರು ದುಡಿದು ಗಳಿಸಿದ್ದು. ಕ್ವಾಲಿಸ್ 2000ದಲ್ಲಿ ಬಂತು, ಇನ್ನೋವಾ 2005ರಲ್ಲಿ. ಅವರ ಗುಟ್ಟು ಏನು ಅಂದರೆ ಅವರು ಬೇಗ ಬದಲಾಯಿಸುವುದಿಲ್ಲ. ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಹತ್ತು ವರ್ಷಕ್ಕೂ ಜಾಸ್ತಿ ಅದೇ ಇತ್ತು. ಬೇರೆಯವರು ಅಷ್ಟರಲ್ಲಿ ಎರಡು ಎಂಜಿನ್ ಬದಲಿಸಿದ್ದರು. ಹಳೇ ಎಂಜಿನ್‌ನಲ್ಲಿ ಸೋಜಿಗ ಕಡಿಮೆ, ಸೋರುವುದೂ ಕಡಿಮೆ. ಲೈನಿನಲ್ಲಿ ಕೆಲಸ ಮಾಡುವ ಸಾಮಾನ್ಯ ಕಾರ್ಮಿಕನೂ ತಪ್ಪು ಕಂಡರೆ ಹಗ್ಗ ಎಳೆದು ಇಡೀ ಲೈನ್ ನಿಲ್ಲಿಸಬಹುದು ಅನ್ನುವ ಅವರ ಪದ್ಧತಿಯೂ ದೊಡ್ಡದು. ಆದರೆ ಆ ಕಂಪನಿಯೂ ಜಾರಿದೆ. 2009-10ರಲ್ಲಿ ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ ಅನ್ನುವ ದೂರಿಗೆ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿತು. 2014ರಲ್ಲಿ ಅಮೆರಿಕದಲ್ಲಿ 120 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು. ಫೋಕ್ಸ್‌ವ್ಯಾಗನ್ ಕಥೆ ನಿಮಗೂ ಗೊತ್ತಿರಬಹುದು. ಡೀಸೆಲ್ ಹೊಗೆ ಪರೀಕ್ಷೆಯಲ್ಲಿ ಸಾಫ್ಟ್‌ವೇರ್‌ನಿಂದ ಮೋಸ ಮಾಡಿ 2015ರಲ್ಲಿ ಸಿಕ್ಕಿಬಿತ್ತು. ನಮ್ಮ ದೇಶದಲ್ಲೇ 3 ಲಕ್ಷಕ್ಕೂ ಹೆಚ್ಚು ಕಾರು ರೀಕಾಲ್ ಆದವು, ಅಂದರೆ ತಿದ್ದಲು ವಾಪಸ್ ಕರೆಸಿದರು.

ರೀಕಾಲ್ ಅಂದ ಕೂಡಲೇ ಹೆದರಬೇಡಿ ಅಂತ ಇಲ್ಲೇ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿ 1,81,754 ಕಾರು ಕರೆಸಿಕೊಂಡು ಮೋಟಾರ್ ಜನರೇಟರ್ ಪರೀಕ್ಷೆ ಮಾಡಿತು, ಪುಕ್ಕಟೆಯಾಗಿ. ಇದನ್ನು ಓದಿ ಕೆಲವರು ಮಾರುತಿ ಕೆಟ್ಟಿತು ಅಂದರು. ನನಗೆ ರೀಕಾಲ್ ಮಾಡುವ ಕಂಪನಿಗಿಂತ, ದೋಷ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವ ಕಂಪನಿಯ ಭಯ ಜಾಸ್ತಿ. ನಮ್ಮಲ್ಲಿ 2021ರ ಏಪ್ರಿಲ್‌ನಿಂದ ಸರ್ಕಾರವೇ ರೀಕಾಲ್‌ಗೆ ಆದೇಶ ಮಾಡಬಹುದು. ಇನ್ನೊಂದು ಮಾತು. ಈಗಿನ ಕಾರಿನ ಎಷ್ಟೋ ಭಾಗಗಳನ್ನು ಆ ಕಂಪನಿ ಮಾಡುವುದೇ ಇಲ್ಲ. ಟಕಾಟಾ ಅನ್ನುವ ಜಪಾನಿನ ಕಂಪನಿಯ ಏರ್‌ಬ್ಯಾಗ್‌ಗಳು ಸೆಕೆ ಮತ್ತು ತೇವಕ್ಕೆ ಹಾಳಾಗಿ, ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಸುತ್ತಿದ್ದವು. ಹೋಂಡಾ, ಟೊಯೋಟಾ, ನಿಸಾನ್, ಬಿಎಂಡಬ್ಲ್ಯು, ಎಲ್ಲರ ಕಾರಲ್ಲೂ ಅವೇ ಇದ್ದವು. ಟಕಾಟಾ 2017ರಲ್ಲಿ ದಿವಾಳಿ ಆಯಿತು. ಯಾವ ಲೋಗೋ ಕಾಪಾಡಿತು?

ಮಗನ ಸ್ಕೋಡಾ ವಿಷಯಕ್ಕೆ ಬರುತ್ತೇನೆ, ಅವನೂ ಓದುತ್ತಿರಬಹುದು. ತಮ್ಮಾ, ನಿನ್ನ ಆಸೆ ತಪ್ಪಲ್ಲ. ಬಾಗಿಲು ಮುಚ್ಚಿದರೆ ಧಪ್ ಅನ್ನುವ ಸದ್ದು, ನೂರರ ಮೇಲೆ ನೆಲಕ್ಕೆ ಕಚ್ಚಿಕೊಂಡು ಹೋಗುವ ಪರಿ, ಅದನ್ನು ಒಂದು ಸಲ ಓಡಿಸಿದವನು ಮರೆಯುವುದಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ 7 ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಿಂದ. ಸೆಕೆಯಲ್ಲಿ, ಟ್ರಾಫಿಕ್‌ನಲ್ಲಿ ಅದರ ಕಂಟ್ರೋಲ್ ಭಾಗ ಕೈಕೊಡುತ್ತಿತ್ತು. 2013ರಲ್ಲಿ ಜಗತ್ತಿನಾದ್ಯಂತ ಅದಕ್ಕೆ ರೀಕಾಲ್ ಕೂಡ ಆಯಿತು. ಆದರೆ ನಿಮ್ಮ ಬಜೆಟ್ಟಿಗೆ ಹತ್ತಿರ ಬರುವ ಸ್ಕೋಡಾ ಕೈಲಾಕ್‌ನಲ್ಲಿ ಆ ಗೇರ್‌ಬಾಕ್ಸ್ ಇಲ್ಲವೇ ಇಲ್ಲ. ಅದರ ಆಟೊಮ್ಯಾಟಿಕ್ ಹಳೇ ನಮೂನೆಯ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ ಬಲವನ್ನು ಎಣ್ಣೆಯ ಮೂಲಕ ದಾಟಿಸುವಂಥದ್ದು, 6 ಗೇರಿನದ್ದು. ಡಿಎಸ್‌ಜಿ ಕಥೆ ಹೇಳಿ ಕೈಲಾಕ್ ಬೇಡ ಅನ್ನುವವರು, ಅಣ್ಣ ಫೇಲಾದ ಅಂತ ತಮ್ಮನಿಗೆ ಹೊಡೆದ ಹಾಗೆ. ಭಾರತ್ ಎನ್‌ಕ್ಯಾಪ್‌ನಲ್ಲೂ ಕೈಲಾಕ್‌ಗೆ 5 ಸ್ಟಾರ್.

ಆದರೂ ಅಕ್ಕೋರೇ, ನಿಮಗೆ ನಾನು ಅದನ್ನು ಹೇಳುವುದಿಲ್ಲ. ಕಾರಣ ಕಂಪನಿ ಅಲ್ಲ, ನಿಮ್ಮ ಏಳು ಕಿಲೋಮೀಟರು. ಮನೆಯಿಂದ ಶಾಲೆಗೆ ಮೂರೂವರೆ ಕಿ.ಮೀ. ಅಷ್ಟರಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಕೈಲಾಕ್‌ನಲ್ಲಿ ಇರುವುದು ಟರ್ಬೊ ಎಂಜಿನ್, ಹೊಗೆಯ ಬಲದಿಂದ ಗಾಳಿ ಒತ್ತಿ ತುಂಬುವಂಥದ್ದು. ಟರ್ಬೊಗೆ ಆಯಿಲ್ ಅಂದರೆ ಪ್ರಾಣ. ದಿನಾ ಅರೆಬಿಸಿಯಲ್ಲೇ ಓಡಿಸಿ ಆಫ್ ಮಾಡಿದರೆ ಅದಕ್ಕೆ ಒಳ್ಳೆಯದಲ್ಲ. ಸಾದಾ 1.2 ಲೀಟರ್ ಪೆಟ್ರೋಲ್ ಇದನ್ನೆಲ್ಲಾ ಹೆಚ್ಚು ಸಹಿಸಿಕೊಳ್ಳುತ್ತದೆ. ಡೀಸೆಲ್ ಅಂತೂ ಯೋಚಿಸಲೇಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜರಡಿ ಇದೆ. ಹೈವೇಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ಸಮ ಓಡಿದರೆ ಮಸಿ ಸುಟ್ಟುಹೋಗುತ್ತದೆ. ಊರೊಳಗೇ ಸುತ್ತಿದರೆ ಕಟ್ಟಿಕೊಂಡು ಮೀಟರಿನಲ್ಲಿ ಕೆಂಪು, ಹಳದಿ ದೀಪ ಹತ್ತುತ್ತದೆ. ವಿದ್ಯಾನಗರದ ಒಬ್ಬ ನಿವೃತ್ತ ಅಧಿಕಾರಿ ಇದೇ ದೀಪಕ್ಕೆ ಬೇಸತ್ತು ಮೂರು ಸಲ ಬಂದರು. "ಕಂಪನಿ ಹೆಸರು ಕೇಳಿ ತಗೊಂಡೆ, ಮೋಸ ಆತು" ಅಂದರು. ದಿನಾ ಅವರ ಓಡಾಟ ಕ್ಲಬ್ಬಿಗೆ, ಮಾರ್ಕೆಟ್ಟಿಗೆ. ವಾರಕ್ಕೊಂದು ಸಲ ಧಾರವಾಡ ಬೈಪಾಸ್ ಹಿಡಿದು ಬೇಲೂರು ಇಂಡಸ್ಟ್ರಿಯಲ್ ಏರಿಯಾತನಕ ಹೋಗಿ ಬನ್ನಿ, ದಾರಿಯಲ್ಲಿ ಪೇಡೆ ತನ್ನಿ ಅಂದೆ. ಆಮೇಲೆ ದೀಪದ ಮಾತು ಇಲ್ಲ. ಪೇಡೆ ಒಂದು ಸಲ ನನಗೂ ಬಂತು.

ನಮ್ಮ ಕಡೆಯ ಇನ್ನೊಂದು ವೈರಿ ಧೂಳು. ಗದಗ, ನವಲಗುಂದ, ನರಗುಂದದ ಎರಿ ಮಣ್ಣು ಒಣಗಿದರೆ ಹಿಟ್ಟಿನ ಹಾಗೆ ನುಣ್ಣಗೆ. ಎಲ್ಲೆಂದರಲ್ಲಿ ನುಗ್ಗುತ್ತದೆ. ಕಂಪನಿ ಪುಸ್ತಕದಲ್ಲಿ ಏರ್ ಫಿಲ್ಟರ್‌ಗೆ ಹೇಳಿರುವ ಕಿಲೋಮೀಟರು ಇಲ್ಲಿಗೆ ನಡೆಯಲ್ಲ, ಅರ್ಧಕ್ಕೇ ನೋಡಿಸಬೇಕು. ಆದರೆ ಈ ಧೂಳೇ ನನಗೆ ಒಂದು ಪರೀಕ್ಷೆಯನ್ನೂ ಕಲಿಸಿದೆ. ಧೂಳು ರಸ್ತೆಯಲ್ಲಿ ಓಡಿದ ಕಾರಿನ ಬಾಗಿಲು ತೆಗೆಯಿರಿ. ಅಂಚಿನಲ್ಲಿ ರಬ್ಬರ್ ಬೀಡಿಂಗ್ ಇರುತ್ತದೆ. ಅದರ ಹೊರಗೆ ಧೂಳು ಇರುವುದು ಸಹಜ. ಒಳ ಅಂಚಿನ ಮೇಲೆ ಬೆರಳು ಒರೆಸಿ. ಬೆರಳು ಸ್ವಚ್ಛ ಬಂದರೆ ಬಾಗಿಲು ಸರಿ ಕೂತಿದೆ, ಜೋಡಣೆ ಚೆನ್ನಾಗಿದೆ. ಕಪ್ಪು ಗೆರೆ ಮೂಡಿದರೆ ಮಳೆಗಾಲದಲ್ಲಿ ಅಲ್ಲೇ ನೀರೂ ಬರುತ್ತದೆ. ಇಪ್ಪತ್ತು ಲಕ್ಷದ ಕಾರಲ್ಲಿ ಗೆರೆ ಕಂಡಿದ್ದೇನೆ, ಆರು ಲಕ್ಷದ್ದರಲ್ಲಿ ಸ್ವಚ್ಛ ಕಂಡಿದ್ದೇನೆ.

ಹೆಸರು ನೋಡಿ ಮೋಸ ಹೋದವರಲ್ಲಿ ನಾನೂ ಒಬ್ಬ. ಇಷ್ಟೆಲ್ಲಾ ಹೇಳುವವನು ಹೇಗೆ ಮೋಸ ಹೋದೆ ಅಂತ ಕೇಳಬೇಡಿ! 2011ರಲ್ಲಿ ಒಂದು ದೊಡ್ಡ ಹೆಸರಿನ ಕಂಪನಿ ಹೊಸ ಮಾಡೆಲ್ ತಂದಿತು. ಬುಕ್ಕಿಂಗ್ ತೆರೆದ ವಾರವೇ ದುಡ್ಡು ಕಟ್ಟಿದೆ. ನಾಲ್ಕನೇ ತಿಂಗಳು ಹಾವೇರಿಗೆ ಹೋಗುವಾಗ, ಬಂಕಾಪುರ ಟೋಲ್ ಹತ್ತಿರ ಕ್ಲಚ್ ಪೆಡಲ್ ನೆಲಕ್ಕೆ ಹೋಗಿದ್ದು ಮೇಲೆ ಬರಲೇ ಇಲ್ಲ. ಹೆಂಡತಿ, ಅತ್ತೆ, ಮಡಿಲಲ್ಲಿ ಉಡಿ ತುಂಬುವ ಸಾಮಾನು. ಗಾಡಿ ಎಳೆಸಿಕೊಂಡು ಹುಬ್ಬಳ್ಳಿಗೆ ಬಂದೆವು. ಕ್ಲಚ್ಚಿನ ಒಂದು ಸಣ್ಣ ಸಿಲಿಂಡರ್ ಸೋರಿತ್ತು. ಆ ಪಾರ್ಟ್ ಬರಲು 11 ದಿನ. ಮಾಡೆಲ್ ಹೊಸದು, ಇಲ್ಲಿ ಸ್ಟಾಕ್ ಇಲ್ಲ. ಟೇಬಲ್ ಹಿಂದಿನ ಹುಡುಗ ಏನಂದ ಗೊತ್ತಾ? "ಸರ್, ಈ ಕಂಪ್ಲೇಂಟ್ ನಮಗೆ ಇದೇ ಫಸ್ಟ್." ನಗು ಬಂತು. ಅದೇ ಟೇಬಲ್ ಹಿಂದೆ ಕೂತು ಅದೇ ಮಾತನ್ನು ನಾನೂ ನೂರಾರು ಜನಕ್ಕೆ ಹೇಳಿದ್ದೆ. ಆಮೇಲಿನ ವರ್ಷ ಬಂದ ಅದೇ ಮಾಡೆಲ್‌ನಲ್ಲಿ ಆ ಸಿಲಿಂಡರ್ ಬದಲಾಗಿತ್ತು. ಮೊದಲ ವರ್ಷದ ಕಾರು ತಗೊಳ್ಳುವವರು ಕಂಪನಿಗೆ ಪುಕ್ಕಟೆ ಪರೀಕ್ಷಕರು. ಟಾಟಾ ಇಂಡಿಕಾ 1998ರಲ್ಲಿ ಬಂದಾಗಲೂ ಹೀಗೇ ಆಗಿತ್ತು. ದೂರು ಸಾಲುಸಾಲು ಬಂದವು. 2001ರಲ್ಲಿ ವಿ2 ಅಂತ ತಿದ್ದಿ ತಂದ ಮೇಲೆ ಅದೇ ಕಾರು ಊರೂರ ಟ್ಯಾಕ್ಸಿ ಸ್ಟ್ಯಾಂಡ್ ತುಂಬಿತು.

ಸರ್ವೆಗಳನ್ನೂ ನಂಬಿ, ಆದರೆ ಕೆಳಗಿನ ಸಣ್ಣ ಅಕ್ಷರ ಓದಿ. ಜೆ.ಡಿ. ಪವರ್ ಅನ್ನುವ ಅಮೆರಿಕದ ಸಂಸ್ಥೆ ಮಾಲೀಕರನ್ನೇ ಕೇಳಿ, 100 ಕಾರಿಗೆ ಎಷ್ಟು ತೊಂದರೆ ಅಂತ ಎಣಿಸುತ್ತದೆ. ಫೋನ್ ಬ್ಲೂಟೂತ್‌ಗೆ ಸೇರಲಿಲ್ಲ ಅಂದರೂ ಒಂದು ತೊಂದರೆ, ಗೇರ್‌ಬಾಕ್ಸ್ ಒಡೆದರೂ ಒಂದು ತೊಂದರೆ. ಹಾಗಾಗಿ ಪರದೆ, ಬ್ಲೂಟೂತ್‌ನ ಸಣ್ಣ ತೊಂದರೆಗಳೇ ಕಂಪನಿಯನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಬಹುದು.

ಹೆಸರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಾರುವ ದಿನ ಬೆಲೆ ಇದೆ. ನನ್ನ ಅಂಗಳದಲ್ಲಿ ಏಳು ವರ್ಷದ ಎರಡು ಕಾರು ನಿಂತರೆ, ಎರಡೂ ಒಂದೇ ಸ್ಥಿತಿಯಲ್ಲಿ ಇದ್ದರೂ, ಮಾರುತಿ ಸಂಜೆಯೊಳಗೆ ಹೋಗುತ್ತದೆ. ಇನ್ನೊಂದು ಶ್ರಾವಣದತನಕ ಕಾಯುತ್ತದೆ. ಅದು ಗುಣಮಟ್ಟ ಅಲ್ಲ, ನಂಬಿಕೆ. ಆದರೆ ಆ ನಂಬಿಕೆಗೆ ಬ್ಯಾಂಕಿನಲ್ಲಿ ದುಡ್ಡು ಸಿಗುತ್ತದೆ.

ಈಗ ನಿಮ್ಮ ಕೆಲಸ. ಕಾಗದದಲ್ಲಿ ಬರೆದ ನಾಲ್ಕು ಕಂಪನಿ ಹೆಸರು ಹೊಡೆದು ಹಾಕಿ, ಮಾಡೆಲ್ ಮತ್ತು ಎಂಜಿನ್ ಬರೆಯಿರಿ. ನನ್ನನ್ನೇ ಕೇಳಿದರೆ ನಿಮ್ಮ ಓಡಾಟಕ್ಕೆ ಡಿಸೈರ್ ಪೆಟ್ರೋಲ್ ಅಥವಾ ಟಾಟಾ ಪಂಚ್ ಪೆಟ್ರೋಲ್. ಎರಡರಲ್ಲೂ ಟರ್ಬೊ ಇಲ್ಲದ ಎಂಜಿನ್ ಸಿಗುತ್ತದೆ, ಅದನ್ನೇ ತಗೊಳ್ಳಿ. ಎರಡಕ್ಕೂ ಅಪಘಾತ ಪರೀಕ್ಷೆಯಲ್ಲಿ 5 ಸ್ಟಾರ್. ಮಾವನಿಗೂ ತಮ್ಮನಿಗೂ ತಲಾ ಒಂದು ಬಂತು ನೋಡಿ. ಮೊಣಕಾಲು ನೋವಿನ ಹಿರಿಯರಿದ್ದರೆ ಪಂಚ್ ಹತ್ತಿ ಇಳಿಯಲು ಸುಲಭ. ಹುಬ್ಬಳ್ಳಿ ಹೈವೇಗೆ, ಗೋಕರ್ಣದ ಲಗೇಜಿಗೆ ಡಿಸೈರ್ ಹಿತ. ಆಟೊಮ್ಯಾಟಿಕ್ ಬೇಕೇಬೇಕು ಅಂದರೆ ಎಎಂಟಿ ಸಾಕು. ಅದು ಸಾದಾ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ಸ್ವಲ್ಪ ಜೋಲಿ ಹೊಡೆಯುತ್ತದೆ, ಆದರೆ ರಿಪೇರಿ ಸೋವಿ.

ಬುಕ್ ಮಾಡುವ ಮೊದಲು ಬೆಟಗೇರಿಯಲ್ಲೇ ಅದೇ ಮಾಡೆಲ್ ಇಟ್ಟುಕೊಂಡ ಇಬ್ಬರು ಮೂವರನ್ನು ಹುಡುಕಿ. "ಕಾರು ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ಲಕ್ಷಗಟ್ಟಲೆ ಕೊಟ್ಟವರು ಬೇರೆ ಏನು ಹೇಳಿಯಾರು? "ಕೊನೇ ಸರ್ವಿಸ್ ಬಿಲ್ ಎಷ್ಟು? ಯಾವ ಪಾರ್ಟ್‌ಗೆ ಎಷ್ಟು ದಿನ ಕಾದಿರಿ?" ಅಂತ ಕೇಳಿ. ಅದರ ಸರ್ವಿಸ್ ಸೆಂಟರ್ ಗದಗದಲ್ಲೇ ಇದೆಯಾ, ಇಲ್ಲಾ ಪ್ರತಿ ಸಲ 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬರಬೇಕಾ, ನೋಡಿಕೊಳ್ಳಿ. ನಿಮ್ಮ ಓಡಾಟ ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ. ದಾಟುವುದಿಲ್ಲ. ಹಾಗಾಗಿ ಕಿಲೋಮೀಟರ್ ಆಗಿಲ್ಲ ಅಂತ ಬಿಡದೆ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇರುವುದಕ್ಕೆ ಹೊಸ ಕಾರು ಹೆದರಬೇಕಿಲ್ಲ. ಮೈಲೇಜ್ ಸ್ವಲ್ಪ ಕಡಿಮೆ ಬಂದರೆ ಕಂಪನಿಗೆ ಬೈಯಬೇಡಿ. ಹಾವೇರಿಯ ಗೋವಿನಜೋಳವೂ ಒಂದು ಪಾಲು ಅದರಲ್ಲಿ ಉರಿಯುತ್ತಿರಬಹುದು!

ಕಾರು ಶೋರೂಮಿಗೆ ಬಂದ ಮೇಲೆ, ನೋಂದಣಿ ಆಗುವ ಮೊದಲು, ಒಂದು ಬೆಳಿಗ್ಗೆ ಬಿಸಿಲಲ್ಲಿ ಹೋಗಿ ನೋಡಿ. ಸಂಜೆ ಬೇಡ, ಟ್ಯೂಬ್‌ಲೈಟ್ ಬೆಳಕಲ್ಲಿ ಪೇಂಟಿನ ಫರಕು ಕಾಣಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂತ ಇದ್ದರೆ 2025ರ 23ನೇ ವಾರದ್ದು. ಐದೂ ಟೈರು ನೋಡಿ, ಡಿಕ್ಕಿಯೊಳಗಿನ ಸ್ಟೆಪ್ನಿ ಸೇರಿ. ಒಂದು ಟೈರು ಮಾತ್ರ ಬೇರೆ ವಾರದ್ದು ಇದ್ದರೆ, ಆ ಕಡೆ ಪೆಟ್ಟು ಬಿದ್ದು ರಿಪೇರಿ ಆಗಿರಬಹುದು. ಆ ಕಡೆಯ ಬಾಗಿಲ ಬೀಡಿಂಗ್ ಎತ್ತಿ ನೋಡಿ, ಯಾಕೆ ಅಂತ ಕೇಳಿ. "ಇದೇ ಫಸ್ಟ್ ಕೇಸ್ ಮೇಡಂ" ಅಂದರೆ, ಸಹಿ ಮಾಡದೆ ನನಗೊಂದು ಮಾತು ತಿಳಿಸಿ.